ಟ್ಯಾಗಪ್ಪ ಗುಡಿಸಗೊಡದ ಪುಟ

ನಮ್ಮ ಬ್ಲಾಗ್ ತಂತ್ರಾಂಶ ನೋಡಿಕೊಳ್ಳುವವರನ್ನು ಕಚೇರಿಯಲ್ಲಿ ಎಲ್ಲರೂ ಟ್ಯಾಗಪ್ಪ ಎನ್ನುತ್ತಾರೆ. ಒಂದಕ್ಷರ ದಪ್ಪವಾಗಬೇಕಿದ್ದರೂ ಅದರ ಎರಡೂ ಪಕ್ಕ ಟ್ಯಾಗನ್ನು, ಅಂದರೆ ಓದುಗರಿಗೆ ಕಾಣದ ಕೋಡ್ ಗುರುತನ್ನು, ಕೈಯಾರೆ ಬರೆಯಬೇಕೆಂಬುದು ಅವರ ಹಟ. ಮನೆಯ ಸಾಮಾನಿನ ಚೀಟಿಯಲ್ಲೂ ಟ್ಯಾಗ್ ತೆರೆದು ಮುಚ್ಚುತ್ತಾರಂತೆ. "ಊರಿಗೆಲ್ಲ ಇರೋ ವಿಷುಯಲ್ ಎಡಿಟರ್ ನಮಗ್ಯಾಕಿಲ್ಲ ಸಾರ್? ಗುಂಡಿ ಒತ್ತಿದ್ರೆ ಕೆಲಸ ಆಗ್ಬೇಕಪ್ಪ" ಎಂದು ಒಮ್ಮೆ ಛೇಡಿಸಿದೆ. "ಅದು ಹಳೇ ಪುಟಗಳನ್ನೆಲ್ಲ ಗುಡಿಸಿಬಿಡುತ್ತಮ್ಮ, ಖಾಲಿ ಟ್ಯಾಗ್ ಒಂದೂ ಉಳಿಸಲ್ಲ" ಎಂದರು. "ಕಸ ತಾನೆ, ಹೋಗ್ಲಿ ಬಿಡಿ" ಎಂದೆ. ಅವರು ನಗಲಿಲ್ಲ, ಕುರ್ಚಿ ಸರಿಸಿ, ನಮ್ಮ ತಂತ್ರಾಂಶದಲ್ಲೇ ಇರುವ, ತೀರಿಕೊಂಡ ಹೆಂಡತಿಯ ಬ್ಲಾಗ್ ತೋರಿಸಿದರು. ಕೊನೆಯ ಪುಟ ನೋಡಲು ಬರೀ ಬಿಳಿ. ಅದರ ಕೋಡ್‌ನಲ್ಲಿ ಮಾತ್ರ ಒಂದರ ಕೆಳಗೊಂದು ಖಾಲಿ ಪ್ಯಾರಾ ಟ್ಯಾಗುಗಳು. "ಕೊನೇ ವಾರ ಏನೋ ಬರೀತೀನಿ ಅಂತ ಕೂತ್ಳು. ಎಂಟರ್ ಒತ್ತೋಕಷ್ಟೇ ಕೈಲಾಯ್ತು, ಒತ್ತಿದಾಗೆಲ್ಲ ಒಂದು ಖಾಲಿ ಸಾಲು. ಅವಳು ಹೋದ ದಿನ ಹನ್ನೆರಡು ಸಾಲಿತ್ತು." ನಾನು ಅಭ್ಯಾಸದಂತೆ ಎಣಿಸಿದೆ: ನಲವತ್ತೊಂದು. ಇನ್ನೊಮ್ಮೆ ಎಣಿಸಿದೆ, ಅಷ್ಟೇ. ತಿದ್ದಿದವರ ದಾಖಲೆ ತೆಗೆಸಿ ನೋಡಿದೆ. ಅಲ್ಲಿ ಮೊದಲಿನಿಂದ ಕೊನೆಯವರೆಗೂ ಆಕೆಯ ಹೆಸರೊಂದೇ. "ಏನೋ ಹೇಳೋದಿದೆ ಅವಳಿಗೆ. ಇನ್ನೂ ಮಾತು ಸಿಕ್ಕಿಲ್ಲ, ಅಷ್ಟೇ" ಎಂದು ಟ್ಯಾಗಪ್ಪ ಮೆಲ್ಲಗೆ ಪುಟ ಮುಚ್ಚಿದರು. ಎಡಿಟರ್ ಬೇಕೆಂದು ಕಚೇರಿಯವರೆಲ್ಲ ಬರೆದಿದ್ದ ಅರ್ಜಿಯಿಂದ ನನ್ನ ಸಹಿ ಹೊಡೆದುಹಾಕಿದ್ದೇನೆ. ಆ ಪುಟದಲ್ಲಿ ಇವತ್ತು ಖಾಲಿ ಸಾಲು ನಲವತ್ತಮೂರು.