ಮಗಳ ಹಣೆಗೆ ಕಟ್ಟಿದ ಪಟ್ಟಿ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಮಗಳಿಗೆ ನಲವತ್ತು ದಾಟಿತ್ತು. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್. ಜಹೀರಾಬಾದ್ ದವಾಖಾನೆಯ ಗುಳಿಗೆ ನುಂಗಿದರೂ ಬರುವುದು ಬರುತ್ತಲೇ ಇತ್ತು. ನಿಂತಲ್ಲೇ ಬೀಳುತ್ತಾಳೆ, ಉರಿಯುವ ಒಲೆಯ ಮುಂದಾದರೂ ಸರಿ. ನಾನಿರುವ ತನಕ ಹಿಡಿಯುತ್ತೇನೆ. ನಾನು ಸತ್ತ ಮೇಲೆ ಯಾರು ಹಿಡಿಯುತ್ತಾರೆ? ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ದವಾಖಾನೆಯಲ್ಲಿ ಒಬ್ಬ ಮೇಡಂ ಸಿಕ್ಕಳು. ಬೀದರ್ ಕಡೆಯವಳು, ಹೈದರಾಬಾದಿನ ಯಾವುದೋ ಕಾಲೇಜಿನಲ್ಲಿ ಕೆಲಸ. ಹಣೆಗೆ ಕಟ್ಟುವ ಒಂದು ಬಟ್ಟೆಯ ಪಟ್ಟಿ ತೋರಿಸಿದಳು. ಅದರೊಳಗೆ ಉಗುರಿನಷ್ಟು ಕಂಪ್ಯೂಟರ್ ಚಿಪ್ಪು.

“ಅವ್ವಾ, ಇದು ಮನಷ್ಯಾರ ಮೆದುಳಿನಂಗ ಕೆಲಸ ಮಾಡ್ತದ. ಬ್ಯಾರೆ ಕಂಪ್ಯೂಟರದಾಗ ನೆನಪು ಒಂದ್ಕಡಿ, ಲೆಕ್ಕ ಒಂದ್ಕಡಿ. ಇದ್ರಾಗ ಎರಡೂ ಒಂದೇ ಜಾಗಾದಾಗ. ಏನೂ ಇಲ್ಲಂದ್ರ ಸುಮ್ನ ಮಲಗಿರ್ತದ, ಏನಾರ ಆದ್ರ ಏಳ್ತದ. ಅದಕ್ಕ ಸಣ್ಣ ಸೆಲ್ಲಿನ ಮ್ಯಾಲ ಭಾಳ ದಿನ ನಡೀತದ.”

“ಮೆದುಳಿನಂಗ ಅಂತೀರಿ. ಹಂಗಾದ್ರ ಇದಕ್ಕೂ ಫಿಟ್ಸ್ ಬರ್ತಾವೇನ್ರಿ?”

ನಕ್ಕಳು. ಚಿಪ್ಪು ಮಗಳ ಫಿಟ್ಸನ್ನು ನಾಲ್ಕೈದು ಸಲ ನೋಡಿ ಕಲಿಯಬೇಕಂತೆ. ಆಮೇಲೆ ಬರುವ ಮೊದಲೇ ಪಟ್ಟಿ ಕೂಗುತ್ತದೆ, ಮಗಳು ತಾನೇ ಕೆಳಗೆ ಮಲಗಿಕೊಳ್ಳಬಹುದು.

“ಮಳಿಗಾಲ ಮುಗಿಯೋ ತನಕ ಇಟ್ಕೋರಿ. ಭಾಳ ತುಟ್ಟಿ ಸಾಮಾನು, ಜೋಪಾನ,” ಅಂದಳು.

ಊರಿಗೆ ಬಂದ ದಿನವೇ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, “ಏನತ್ತಿ, ಮಗಳಿಗಿ ಬಾಸಿಂಗ ಕಟ್ಟೀರಿ, ಲಗ್ನ ಯಾವಾಗ?” ಅಂದಳು.

“ನಿನ್ನ ಗಂಡನ್ನ ಕೊಡು, ನಾಳೀಗೇ ಮಾಡ್ತೀನಿ,” ಅಂದೆ.

ಆಮೇಲೆ ಕಾಯುವುದು. ಹೆತ್ತವಳು ಮಗಳಿಗೆ ಫಿಟ್ಸ್ ಬರಲಿ ಎಂದು ಕಾದು ಕೂರುವುದು ಎಂಥ ಬಾಳು. ಬಂದವು. ಪಕ್ಕದವಳ ಕೂಗು ಕೇಳಿ ಶುಂಠಿ ಹೊಲದಿಂದ ಓಡಿ ಬರುವಷ್ಟರಲ್ಲಿ ಮಗಳು ನೆಲದಲ್ಲಿರುತ್ತಿದ್ದಳು, ಪಟ್ಟಿ ಗೋಡೆಯ ಗೂಡಿನಲ್ಲಿರುತ್ತಿತ್ತು. ಮೊದಲು ಬಂದ ಪಕ್ಕದವಳು ಬಿಚ್ಚಿ ಇಟ್ಟಿರಬೇಕು ಎಂದುಕೊಂಡೆ. ಚಿಪ್ಪು ಕಲಿಯಿತಲ್ಲ, ಅಷ್ಟು ಸಾಕು.

ಮಳೆ ನಿಂತ ಮೇಲೆ ಮೇಡಂ ಮನೆಗೇ ಬಂದಳು. ಪಟ್ಟಿಯನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಬಹಳ ಹೊತ್ತು ನೋಡಿದಳು.

“ಅವ್ವಾ, ಇದ್ರಾಗ ಒಂದೂ ಫಿಟ್ಸ್ ಇಲ್ಲ.”

“ಯಾಕಿಲ್ಲ? ಆಕಿ ಗದ್ದ ನೋಡ್ರಿ, ಮೊನ್ನಿ ಗಾಯ ಇನ್ನಾ ಹಸಿ ಅದ.”

ಗೋಡೆಗೆ ಒರಗಿ ಕೂತಿದ್ದ ಮಗಳು, “ನಾನೇ ತೆಗದಿಡ್ತಿದ್ದೆ,” ಅಂದಳು. “ಬರೋ ಮುಂದ ಬಾಯಾಗ ತಾಮ್ರ ಚೀಪಿದಂಗ ಆಗ್ತದ. ಒಂದೀಟು ಹೊತ್ತು ಸಿಗ್ತದ. ಬಿಚ್ಚಿ ಗೂಡಿನಾಗ ಇಡ್ತೀನಿ. ಮಂದಿ ಸಾಮಾನು, ಬಿದ್ದು ಒಡದ್ರ?”

“ನಿನ್ನ ತಲಿ ಒಡದ್ರ?”

“ಅದು ನಮ್ದೇ ಅದಲ್ಲವ್ವಾ.”

ಮೇಡಂ ಕಂಪ್ಯೂಟರಿನಿಂದ ಪಟ್ಟಿ ಬಿಚ್ಚತೊಡಗಿದಳು. ಇನ್ನೆರಡು ತಿಂಗಳು ಬಿಡ್ರಿ ಎಂದು ಕೇಳಿದೆ.

“ನಾರಾಯಣಖೇಡದಾಗ ಒಂದು ಕೂಸು ಇದೇ ಪಟ್ಟಿಗಿ ಕಾಯಾಕತ್ತದ್ರಿ ಅವ್ವಾ.”

ಕೂಸಿನ ಸಂಗಡ ಏನು ಜಗಳ ಮಾಡಲಿ? ಆ ಚಿಪ್ಪಿಗೆ ಗೊತ್ತಿದ್ದದ್ದು ಒಮ್ಮೆಯೂ ಬೀಳದ ಮಗಳು. ಅದನ್ನೂ ಅಳಿಸಿಯೇ ಕೂಸಿಗೆ ಕಟ್ಟಬೇಕಂತೆ. ಮೇಡಂ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಕೊಹೀರ್ ಬಸ್ಸಿಗೆ ಹೋದಳು.

ಅಂದು ಸಂಜೆ ಮಗಳು ನಡುಮನೆಯಲ್ಲಿ ಬಿದ್ದಳು; ಆ ಸಲ ತಾಮ್ರದ ರುಚಿಯೂ ಮೊದಲು ಬರಲಿಲ್ಲವಂತೆ. ನಾನು ಅಲ್ಲೇ ಇದ್ದೆ, ಕೈ ಚಾಚಿದರೂ ಸಿಗಲಿಲ್ಲ. ತಾಂಡೂರಿನ ಕಲ್ಲು ಹಾಸಿದ ನೆಲ, ಹುಬ್ಬು ಸೀಳಿತು. ಇರುವಾಗಲೇ ಹಿಡಿಯಲಾಗದವಳು ಸತ್ತ ಮೇಲಿನದಕ್ಕೆ ಹೆದರಿಕೊಂಡು ಕೂತಿದ್ದೆ.

ಮರುದಿನ ಬೆಳಿಗ್ಗೆ ಹಾರೆ ತಂದು ನಡುಮನೆಯ ಕಲ್ಲು ಎಬ್ಬಿಸತೊಡಗಿದೆ. ಎರಡು ಎದ್ದವು, ಉಳಿದವು ಕದಲಲಿಲ್ಲ. ಎದ್ದಷ್ಟು ಜಾಗಕ್ಕೆ ಹೊಲದ ಮೆತ್ತನೆ ಮಣ್ಣು ತಂದು ಸುರಿದೆ.