ಇಣುಕಬಾರದ ನಾಲ್ಕನೇ ದಿನ

ಬೇಕರಿಯಲ್ಲಿ ಎಲ್ಲರೂ ಅವಳನ್ನು ಓವನಕ್ಕ ಎನ್ನುತ್ತಾರೆ. ಕೇಕು ಉಬ್ಬುವಾಗ ಯಾರಾದರೂ ಓವನ್ ಬಾಗಿಲಿಗೆ ಕೈಹಾಕಿದರೆ, "ಇಣುಕಿದ್ರೆ ಕುಸಿಯುತ್ತೆ, ತೆಗಿ ಕೈ!" ಎಂದು ಗದರುವವಳು. ಅಂಥವಳು ರಜೆ ಹಾಕಿ, ಆಸ್ಪತ್ರೆಯ ಫೋನಿಗಾಗಿ ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಕೂತಿದ್ದಳು ಎನ್ನುವುದು ಮಾತಿಗೆ; ಬಟ್ಟೆ ಒಗೆದು, ನೆಲ ಒರೆಸಿ ಆಗಿತ್ತು.

ಅವಳಿಂದ ಸೂಜಿಯಲ್ಲಿ ಹನ್ನೊಂದು ಅಂಡ ತೆಗೆದಿದ್ದರು. ಅವುಗಳಲ್ಲಿ ಲ್ಯಾಬಿನಲ್ಲಿ ಗಂಡನ ವೀರ್ಯದೊಡನೆ ಕೂಡಿ ಭ್ರೂಣವಾದವು ಐದು. ಮೂರನೇ ದಿನಕ್ಕೆ ಉಳಿದವು ಮೂರು. ಗಂಡನ ಬಾಯಲ್ಲಿ, ಬೆಳೆಯುತ್ತಿದ್ದಂಥವು "ನಮ್ಮ ಮಕ್ಕಳು", ಬೆಳೆಯದೆ ನಿಂತುಹೋದಂಥವು "ನಿನ್ನ ಮೊಟ್ಟೆ".

ಫೋನು ಬರಲಿಲ್ಲ. ಅವಳೇ ಮಾಡಿದಳು.

"ನಾಲ್ಕನೇ ದಿನ ನಾವು ನೋಡೋದೇ ಇಲ್ಲಕ್ಕಾ," ಎಂದಳು ಲ್ಯಾಬಿನ ಹುಡುಗಿ. "ಭ್ರೂಣ ಇಟ್ಟಿರೋ ಪೆಟ್ಟಿಗೆ ಬಾಗಿಲು ತೆಗೆದ್ರೆ ಒಳಗಿನ ಬಿಸಿ ಹೋಗುತ್ತೆ."

"ಒಂದೇ ಒಂದ್ಸಲ ಇಣುಕಮ್ಮಾ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಯಾಕೆ ಒದ್ದಾಡ್ತೀಯ, ಮಲಕ್ಕೋ," ಎಂದರು ಅತ್ತೆ. "ಭಾರ ಎತ್ತಬೇಡ ಅಂದಿದಾರೆ ಡಾಕ್ಟ್ರು. ಏಳುವಾಗ ಹಾಗೇ ಆ ಡ್ರಮ್ಮಿಗೆ ನಾಲ್ಕು ಬಿಂದಿಗೆ ನೀರು ಹಾಕ್ಬಿಡು."

ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಮೂರೂ ಕರಗಿದ್ದರೆ ಮತ್ತೆ ಮೊದಲಿನಿಂದ: ಹೊಟ್ಟೆಗೆ ಚುಚ್ಚುಮದ್ದು, ಊದಿದ ಮೈ, ಅದೇ ಅಡುಗೆಮನೆ. ಗಂಡ ಗೊರಕೆ ಹೊಡೆಯುತ್ತಿದ್ದ.

ಮರುದಿನ ಕುಕ್ಕರ್ ಒಲೆಗೇರಿಸುವಾಗ ಫೋನು ಬಂತು.

"ಎರಡು ನಿಂತುಹೋದ್ವು ಅಕ್ಕಾ. ಒಂದು ಚೆನ್ನಾಗಿದೆ. ಇವತ್ತೇ ನಿಮ್ಮ ಹೊಟ್ಟೆಯೊಳಗೆ ಇಡ್ತಾರೆ. ಬೇಗ ಬನ್ನಿ, ನೀರು ಕುಡ್ಕೊಂಡು ಬನ್ನಿ, ಮೂತ್ರಚೀಲ ತುಂಬಿರ್ಬೇಕು."

ಒಂದೇ ಒಂದು. ಅವಳು ಅಲ್ಲಿಗೆ ತಲುಪುವಷ್ಟರಲ್ಲಿ ಅದಕ್ಕೇನಾದರೂ ಆದರೆ?

"ಒಂದೇನಾ?" ಎಂದ ಗಂಡ. "ನಿನ್ನ ಮೊಟ್ಟೆನೇ..."

"ಸಾಕು. ಯಾರ್ದು ಅಂತ ಆಮೇಲೆ ಪಾಲು ಮಾಡೋಣ. ನಾನು ಆಟೋ ಹಿಡೀತೀನಿ. ನೀವು ಕುಕ್ಕರ್ ಇಳಿಸಿ, ಆಮೇಲೆ ಬನ್ನಿ."

"ಎಷ್ಟು ಕೂಗಿಗೆ?"

ಮದುವೆಯಾಗಿ ಒಂಬತ್ತು ವರ್ಷ. ಅವಳಿಗೆ ನಗುವೂ ಬಂತು, ಅಳುವೂ ಬಂತು.

"ನಿಮ್ಮಮ್ಮನ್ನ ಕೇಳಿ," ಎಂದು, ಬಾಟಲಿಯ ನೀರು ಗುಟುಕರಿಸುತ್ತ ಮೆಟ್ಟಿಲಿಳಿದಳು, ಕಂಬಿ ಬಿಗಿಯಾಗಿ ಹಿಡಿದು, ಅದು ಈಗಾಗಲೇ ಹೊಟ್ಟೆಯಲ್ಲಿರುವಂತೆ ಒಂದೊಂದೇ ಹೆಜ್ಜೆ.