ವಾಪಸು ತೆಗೆದುಕೊಳ್ಳದ ಸೀರೆ

ಕನ್ನಡಕ ಕೂತು ಕೂತು ಬಾಯಮ್ಮನ ಮೂಗಿನ ಎರಡೂ ಬದಿಯಲ್ಲಿ ಗುಳಿ ಬಿದ್ದಿತ್ತು. ಗಿರಾಕಿ ವಾಪಸು ತಂದ ಅಂಗಿಯ ಕಂಕುಳಿಗೆ ಆ ಮೂಗನ್ನು ಊರಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರೆ ತೀರ್ಪು ಆದಂತೆಯೇ. ಮಂಗಳೂರಿನ ದೊಡ್ಡ ಬಟ್ಟೆಯಂಗಡಿಯೊಂದರ ರಿಟರ್ನ್ ಕೌಂಟರಿನಲ್ಲಿ ನಾನು ಅವರ ಕೈಕೆಳಗೆ ಕೆಲಸ ಕಲಿತವಳು.

“ಹಾಕಲೇ ಇಲ್ಲ, ಸೈಜ್ ಆಗ್ಲಿಲ್ಲ” ಎಂದು ಒಬ್ಬ ಟ್ಯಾಗ್ ಸಮೇತ ಶರ್ಟು ಮುಂದಿಟ್ಟ. ಬಾಯಮ್ಮ ಮೂಸಿ, “ಮದುವೆಗೆ ಬಿರಿಯಾನಿ ಮಾಡಿದ್ರಾ?” ಎಂದರು. ಆತ ಶರ್ಟು ಮಡಚಿಕೊಂಡು ಹೋದ. ನನಗೋ ಯಾವ ವಾಸನೆಯೂ ಬಂದಿರಲಿಲ್ಲ. “ಬೋಟಿನವರ ಮಗಳಲ್ವಾ, ನಿನ್ನ ಮೂಗಿಗೆ ಮೀನು ಬಿಟ್ಟು ಬೇರೆ ಎಂತ ಗೊತ್ತಾಗ್ತದೆ?” ಎಂದು ನಕ್ಕರು. ಕೆಲಸದಲ್ಲಿ ಮಾತ್ರ ತಮಾಷೆ ನಡೆಯುತ್ತಿರಲಿಲ್ಲ. “ನಾವು ವಾಪಸ್ ತೆಗೊಂಡದ್ದು ಸಂಜೆಗೆ ಇನ್ನೊಬ್ಬರ ಮೈಮೇಲೆ ಇರ್ತದೆ. ಟ್ಯಾಗ್ ಇರುವವರೆಗೆ ಅಂಗಡಿಯದ್ದು, ಕತ್ತರಿಸಿದ್ರೆ ನಿನ್ನದು” ಎನ್ನುತ್ತಿದ್ದರು.

ಒಂದು ದಿನ ಬಾಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಎಂದಾಯಿತು. ಆಪರೇಷನ್ನಿನ ಹಿಂದಿನ ದಿನ ನನ್ನಿಂದ ಅಂಗಡಿಯ ಕೆನೆಬಣ್ಣದ ಸೀರೆಯೊಂದನ್ನು ಆಸ್ಪತ್ರೆಗೆ ತರಿಸಿಕೊಂಡರು.

“ಸತ್ತವಳನ್ನು ಪೆಟ್ಟಿಗೆಯಲ್ಲಿ ಮಲಗಿಸುವಾಗ ನಮ್ಮ ಕ್ರಿಶ್ಚಿಯನರ ಮನೆಯಲ್ಲಿ ಅವಳ ಮದುವೆಸೀರೆ ಉಡಿಸುದು. ಮದುವೆಯೇ ಆಗದವಳಿಗೆ ಅದೆಲ್ಲಿ ಉಂಟು?”

ನನಗೆ ಅಳು ತಡೆಯಲಿಲ್ಲ.

“ಅಳ್ಬೇಡ ಮಾರಾಯ್ತಿ. ಟ್ಯಾಗ್ ಕತ್ತರಿಸ್ಬೇಡ. ಬೇಕಾಗದಿದ್ರೆ ವಾಪಸ್ ಕೊಡ್ಲಿಕ್ಕೆ ಉಂಟಲ್ಲ.”

ಬೇಕಾಗಲಿಲ್ಲ. ಬಾಯಮ್ಮ ಅರ್ಧಕ್ಕರ್ಧ ಇಳಿದುಹೋಗಿ ಕೌಂಟರಿಗೆ ಮರಳಿದರು. ನಾನು ಗೆದ್ದವಳ ಹಾಗೆ ಸೀರೆಯನ್ನು ಅವರ ಮುಂದಿಟ್ಟೆ.

“ಕಾರಣ ಎಂತ?” ಎಲ್ಲ ಗಿರಾಕಿಗಳಿಗೆ ಕೇಳುವ ಹಾಗೆಯೇ ಕೇಳಿದರು.

“ಬೇಕಾಗ್ಲಿಲ್ಲ ಬಾಯಮ್ಮ!”

ಅವರು ಮಡಿಕೆ ಬಿಡಿಸಿ ಮೂಸಿದರು. ಮತ್ತೊಮ್ಮೆ ಮೂಸಿದರು. “ಆಸ್ಪತ್ರೆ ವಾಸನೆ ಉಂಟು. ಆಗುದಿಲ್ಲ.”

“ನಿಮ್ಮದೇ ಸೀರೆಯಲ್ವಾ!”

“ನನ್ನದಾದ್ರೂ ಅಷ್ಟೇ. ಹೆಣಕ್ಕೆಂದು ತಂದದ್ದನ್ನು ಗೊತ್ತಿಲ್ಲದೆ ಯಾರೋ ಮದುಮಗಳು ಉಡುದು ಬೇಡ.”

ಬಾಯಮ್ಮ ಸೀರೆಯನ್ನು ಟ್ಯಾಗ್ ಸಮೇತ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಸಾವನ್ನು ಕೈಯಾರೆ ಮನೆಗೆ ಒಯ್ಯುತ್ತಾರಲ್ಲ ಎಂದು ಎರಡು ದಿನ ಮಾತು ಬಿಟ್ಟೆ. ಈಗ ನಮ್ಮಂಗಡಿಯೂ ಆನ್‌ಲೈನಿಗೆ ಹೋಗಿದೆ. ಬೇಡವೆಂದು ಮೊಬೈಲಿನಲ್ಲಿ ಒತ್ತಿದರೆ ಮನೆಬಾಗಿಲಿಂದಲೇ ಒಯ್ಯುತ್ತಾರೆ, ಯಾರೂ ಮೂಸುವುದಿಲ್ಲ. ಹಾಗೆ ಬಂದ ಬಟ್ಟೆ ಮುಟ್ಟುವಾಗೆಲ್ಲ ಬಾಯಮ್ಮನ ಆ ಮಾತು ನೆನಪಾಗುತ್ತದೆ.

ಆ ಆಪರೇಷನ್ ಆಗಿ ವರ್ಷ ತಿರುಗುವುದರೊಳಗೆ ಬಾಯಮ್ಮನ ಗಡ್ಡೆ ಮತ್ತೆ ಬೆಳೆಯಿತು. ಈ ಸಲ ಕತ್ತಿ ಇಡಲಿಕ್ಕೂ ಡಾಕ್ಟರು ಒಪ್ಪಲಿಲ್ಲ.

ಬಾಯಮ್ಮ ತೀರಿಹೋದ ದಿನ, ಕೊಟ್ಟಾರದ ಮನೆಯಲ್ಲಿ ಅವರ ಅಕ್ಕ ಬೀರುವಿನಿಂದ ಆ ಸೀರೆ ತೆಗೆದು ನನ್ನ ಕೈಗಿತ್ತರು. ಉಡಿಸುವ ಮೊದಲು ಅಭ್ಯಾಸಬಲದಿಂದ ಮೂಸಿದೆ. ನುಸಿಗುಳಿಗೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಸೆರಗಿನ ತುದಿಯಲ್ಲಿ ಟ್ಯಾಗ್ ಹಾಗೆಯೇ ತೂಗುತ್ತಿತ್ತು. “ಬೇಗ ಮಾಡು, ಪಾದ್ರಿಗಳು ಬಂದ್ರು” ಎಂದರು ಅಕ್ಕ. ಕತ್ತರಿ ಹಿಡಿದ ಕೈ ಏಳಲೇ ಇಲ್ಲ. ಆ ನೂಲು ಇರುವವರೆಗೆ ಇನ್ನೂ ವಾಪಸು ಕೊಡಬಹುದು ಎಂದು ನನ್ನ ಮರುಳು ಮನಸ್ಸು ಹಟ ಹಿಡಿದಿತ್ತು.

ಕತ್ತರಿಸಿದೆ. ಸೀರೆ ಅವರದ್ದಾಯಿತು.